ಮುಚ್ಚಿದ ಮ್ಯಾಲ ಯಾರು ನೋಡತಾರ?



ನಾನು ಕಲಿತದ್ದು ಏಳನೆಯ ಇಯತ್ತೆ. 1972ರ ಬರಗಾಲದಾಗ ಅಕ್ಕಲಕೋಟ ಸೀಮೆಯ ಹೊಲಗಳು ಬೆಂಗಾಡಾಗಿ ಊರ ಮಂದಿ ಖಡಿ ಒಡೆಯಲಿಕ್ಕೆ ಹೋದರು. ನಾನೂ ಪಾಟಿಚೀಲ ಇಳಿಸಿ ಬುಟ್ಟಿ ಹೊತ್ತೆ. ಮುಂದೆ ಸಾಲಿಯ ಮೆಟ್ಟಿಲು ಹತ್ತಲಿಲ್ಲ. ಅಂದಿನಿಂದ ಹೊಲ ಒಂದು, ಡೊಳ್ಳಿನ ಪದ ಒಂದು, ಇವೆರಡೇ ನನ್ನ ವಿದ್ಯೆ. ಹಿಂಗಾಗಿ ನನ್ನ ಬರವಣಿಗೆಯಲ್ಲಿ ಬರೆಯೋ ಮಾತು, ಆಡೋ ಮಾತು ಎರಡೂ ಕೂಡಿ ಬರತಾವ. ಜೋಳದ ಹೊಲದಾಗ ಕುಸುಬಿಯ ಅಕ್ಕಡಿ ಸಾಲು ಇದ್ದಂಗ ಅಂತ ತಿಳಕೊಂಡು ಓದ್ರಿ.

ಡೊಳ್ಳಿನ ಪದದಾಗ ಒಂದು ಪದ್ಧತಿ ಅದ. ಒಂದು ಮ್ಯಾಳದವರು ಸವಾಲು ಹಾಕತಾರ, ಎದುರಿನವರು ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ಬೆಳಗಿನತನಕ ತಲೆ ತಗ್ಗಿಸಿ ಕೂಡಬೇಕು. ನಲವತ್ತು ವರ್ಷ ಜಾತ್ರೆಯೊಳಗ ಹಾಡೇನಿ, ಬಹಳ ಸವಾಲು ಬಿಡಿಸೇನಿ. ಆದರೆ ಹೋದ ವರ್ಷ ನನ್ನ ತಮ್ಮನ ಮಗ ಹಾಕಿದ ಒಂದು ಸವಾಲಿಗೆ ನನ್ನ ಕಡೆ ಉತ್ತರ ಇರಲಿಲ್ಲ. ಅವನು ಅದನ್ನ ಹಾಡಿಲೆ ಹಾಕಲಿಲ್ಲ. ಕೈಯಾಗ ಪಾನಾ ಹಿಡಿದು, ನಕ್ಕೋತ ಹಾಕಿದ.

ಹುಡುಗ ಪುಣೆಯಲ್ಲಿ ಒಂದು ಗ್ಯಾರೇಜಿನಾಗ ಮಿಸ್ತ್ರಿ ಅದಾನ. ಹಳೆ ಕಾಲದ ಕಾರು ರಿಪೇರಿ ಮಾಡೋ ಜಾಗ ಅದು. ನಾನು ಕಣ್ಣಿನ ಪೊರೆ ತೆಗೆಸಿಕೊಳ್ಳಲಿಕ್ಕೆ ಹೋಗಿ ಅವನ ಖೋಲಿಯಲ್ಲಿ ಹದಿನೈದು ದಿನ ಉಳಿದಿದ್ದೆ. ಪಟ್ಟಿ ಬಿಚ್ಚಿದ ಮ್ಯಾಲ ಹೊತ್ತು ಹೋಗದಾತು. "ದೊಡಪ್ಪಾ, ಗ್ಯಾರೇಜಿಗೆ ಬಾ, ಒಂದು ಚೆಂದದ ಗಾಡಿ ಬಂದದ" ಅಂದ. ಹೋದೆ.

ಕೆಂಪು ಬಣ್ಣದ ಗಾಡಿ. ಇಬ್ಬರಿಗೇ ಕೂಡಲಿಕ್ಕೆ ಜಾಗ. ಮ್ಯಾಲ ಬಟ್ಟೆಯ ಹೊದಿಕೆ, ಬೇಕಾದರೆ ಹಿಂದಕ್ಕೆ ಮಡಚಬಹುದು. ಎಷ್ಟು ಕೆಳಗ ಅಂದ್ರ ಅದರಾಗ ಕುಂತವನಿಗೆ ಕಣದಾಗ ಕಾಲು ಚಾಚಿ ಕುಂತಂಗ ಆಗತದ. ಎಂ.ಜಿ.ಬಿ. ಅಂತ ಹೆಸರು. ಎಂ.ಜಿ. ಅಂದ್ರ ಮೋರಿಸ್ ಗ್ಯಾರೇಜಸ್, ಇಂಗ್ಲೆಂಡಿನ ಆಕ್ಸ್‌ಫರ್ಡ್ ಊರಿನ ಒಂದು ಮೋಟಾರು ಅಂಗಡಿಯ ಹೆಸರು. ಅದೇ ಮುಂದೆ ಕಾರು ಮಾಡೋ ಕಂಪನಿ ಆಯಿತು. ಆಕ್ಸ್‌ಫರ್ಡಿಗೆ ಸಮೀಪ ಅಬಿಂಗ್ಡನ್ ಅಂತ ಊರು, ಅಲ್ಲಿ ಅವರ ಕಾರ್ಖಾನೆ. ಅಲ್ಲಿ 1962ರಿಂದ 1980ರವರೆಗೆ ಈ ಜಾತಿಯ ಗಾಡಿ 5 ಲಕ್ಷಕ್ಕೂ ಹೆಚ್ಚು ತಯಾರಾದವು. 1980ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಈಗ ನಮ್ಮ ರಸ್ತೆಯಲ್ಲೂ ಎಂ.ಜಿ. ಅಂತ ಬರೆದ ದೊಡ್ಡ ಗಾಡಿ ಓಡತಾವ. ಹೆಸರು ಅದೇ, ಮನೆತನ ಬೇರೆ.

ಕಾರ್ಖಾನೆ ಮುಚ್ಚಿದರೂ ಗಾಡಿ ಸಾಯಲಿಲ್ಲ. ಅದರ ಬಿಡಿ ಸಾಮಾನು ಇವತ್ತಿಗೂ ಇಂಗ್ಲೆಂಡಿನಲ್ಲಿ ಸಿಗತಾವ. 1988ರಿಂದ ಹಳೆಯ ಅಚ್ಚುಗಳನ್ನೇ ಉಪಯೋಗಿಸಿ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಮಾರಲಿಕ್ಕೆ ಶುರು ಮಾಡಿದರಂತೆ. ಜಂಗು ತಿಂದ ಬಾಡಿ ಒಗೆದು ಹೊಸ ಬಾಡಿಯೊಳಗೆ ಹಳೆ ಇಂಜಿನ್ ಕೂಡಿಸಬಹುದು. ಹಂಗಾದರೆ ಅದು ಹಳೆ ಗಾಡಿಯೋ ಹೊಸ ಗಾಡಿಯೋ ಅಂತ ಕೇಳಿದೆ. ಹುಡುಗ ಅಂದ: "ನಿನ್ನ ಕುಂಟಿಗೆ ಮೂರು ಸಲ ದಿಂಡು ಬದಲಿಸೀದಿ, ಎರಡು ಸಲ ತಾಳು ಬದಲಿಸೀದಿ. ಅದು ಅಜ್ಜನ ಕುಂಟಿ ಹೌದೋ ಅಲ್ಲೋ?" ನಾನು ಸುಮ್ಮಾದೆ. ಆದರೆ ನಾನು ಬರೆಯಬೇಕಂದ ಸವಾಲು ಇದಲ್ಲ.

ಗಾಡಿಯ ಮಾಲಕರು ರಿಟೈರಾದ ಸಾಹೇಬರು. ಅದು ಅವರ ತಂದೆಯವರು ಹೊಡೆಯುತ್ತಿದ್ದ ಗಾಡಿ. ಒಳಗಿನ ಗೇರ್ ಲಿವರಿನ ಸುತ್ತ ಇದ್ದ ತೊಗಲಿನ ಬೂಟು ಬಿರುಕು ಬಿಟ್ಟಿತ್ತು. ಮ್ಯಾಲಿನ ಗುಂಡು ಸವೆದಿತ್ತು. ಇಂಗ್ಲೆಂಡಿನಿಂದ ಸಣ್ಣ ಡಬ್ಬಿಯೊಳಗೆ ಹೊಸ ಬೂಟು, ಹೊಸ ಗುಂಡು, ಇನ್ನೂ ನಾಲ್ಕಾರು ಸಣ್ಣ ಸಾಮಾನು ತರಿಸಿ ಕೊಟ್ಟಿದ್ದರು. "ಬೂಟು, ಗುಂಡು ಹಾಕಿ ಕೊಡು" ಅಂತ ಹೇಳಿ ಹೋಗಿದ್ದರು. ಅರ್ಧ ತಾಸಿನ ಕೆಲಸ.

ಹುಡುಗ ಮೊದಲು ಗುಂಡಿನ ಕೆಳಗಿನ ಚೆಕ್ ನಟ್ ಸಡಿಲ ಮಾಡಿದ, ಗುಂಡು ತಿರುವಿ ತೆಗೆದ. ಬೂಟಿನ ಸುತ್ತಲಿನ ರಿಂಗಿನ ಸ್ಕ್ರೂ ಬಿಚ್ಚಿದ. ತೊಗಲು ಎತ್ತಿದ ಕೂಡಲೇ ಅದರ ಕೆಳಗೆ ರಬ್ಬರು, ರಬ್ಬರಿನ ಕೆಳಗೆ ಲಿವರಿನ ಬುಡ. ಲಿವರ್ ಹಿಡಿದು ಅಲ್ಲಾಡಿಸಿದ. ಬಾಯಿ ಹೋದ ಸೇಂದಿ ಗಡಿಗೆಯೊಳಗೆ ಸೌಟು ಅಲ್ಲಾಡಿದಂಗ ಅದು ಖಡಖಡ ಅಂತ ಅಲ್ಲಾಡಿತು. ಬುಡದ ಮುಚ್ಚಳದ ಬೋಲ್ಟ್ ಬಿಚ್ಚಿ ಲಿವರ್ ಮ್ಯಾಲೆ ಎಳೆದು ನನಗೆ ತೋರಿಸಿದ. ತುದಿಯಲ್ಲಿ ಬೆರಳಿನ ಉಗುರಿನಷ್ಟೇ ದೊಡ್ಡ ಒಂದು ನೈಲಾನ್ ಬುಷ್. ಸವೆದು ಒಂದು ಮಗ್ಗಲು ಸೀಳಿ ಹೋಗಿತ್ತು. ಲಿವರ್ ನಾವು ತಳ್ಳಿದ್ದನ್ನ ಗೇರ್ ಪೆಟ್ಟಿಗೆಗೆ ಮುಟ್ಟಿಸುವುದು ಈ ಬುಷ್. ಇದು ಸವೆದರೆ ಕೈ ಒಂದು ಹೇಳತದ, ಗೇರ್ ಇನ್ನೊಂದು ಕೇಳತದ.

ಸಾಹೇಬರು ಕೊಟ್ಟ ಡಬ್ಬಿಯೊಳಗೆ ಆ ಬುಷ್ ಇತ್ತು. ಆದರೆ ಅದನ್ನ ಹಾಕು ಅಂತ ಅವರು ಹೇಳಿರಲಿಲ್ಲ. ಅವರಿಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ. ಹಾಕಬೇಕಂದ್ರ ಒಳಗೆಲ್ಲ ಒರೆಸಿ, ಹಳೆ ಗ್ರೀಸ್ ತೆಗೆದು, ಹೊಸ ಗ್ರೀಸ್ ಹಚ್ಚಿ, ಮತ್ತೆ ಒಂದೊಂದೇ ಗೇರ್ ಹಾಕಿ ನೋಡಿ, ಮಧ್ಯಾಹ್ನ ಪೂರಾ ಹೋಗತದ. ಅದಕ್ಕೆ ಮಜೂರಿ ಮೊದಲೇ ಮಾತಾಡಿಲ್ಲ. ಹಾಕದಿದ್ದರೆ? ಮ್ಯಾಲೆ ಹೊಸ ತೊಗಲು, ಹೊಳಿಯೋ ರಿಂಗು. ಸಾಹೇಬರು ಖುಷಿಯಿಂದ ಒಯ್ಯುತ್ತಿದ್ದರು.

ಆಗ ಹುಡುಗ ನನ್ನ ಮುಖ ನೋಡಿ ನಕ್ಕೋತ ಅಂದ: "ದೊಡಪ್ಪಾ, ಮುಚ್ಚಿದ ಮ್ಯಾಲ ಯಾರು ನೋಡತಾರ?"

ಅವನು ಕೇಳಿದ್ದು ತಮಾಷೆಗೆ. ಕೇಳೋದರೊಳಗೆ ಅವನ ಕೈ ಹಳೆ ಬುಷ್ ಕಿತ್ತು ಹಾಕಿತ್ತು. ಆದರೆ ಆ ಮಾತು ನನ್ನ ಎದೆಗೆ ಬಂದು ಹತ್ತಿತು. ಯಾಕೆ ಅನ್ನೋದನ್ನ ಮುಂದೆ ಹೇಳತೇನಿ. ಮೊದಲು ಅವನ ಕೆಲಸ ಮುಗಿಯಲಿ.

ಹೊಸ ಬುಷ್ ಹಾಕಿ ಲಿವರ್ ಕೂಡಿಸಿದ. ಒಂದು, ಎರಡು, ಮೂರು, ನಾಲ್ಕು, ಹಿಂದಿನ ಗೇರು, ಎಲ್ಲಾ ಹಾಕಿ ನೋಡಿದ. ಆಮೇಲೆ ರಬ್ಬರು, ಅದರ ಮ್ಯಾಲೆ ತೊಗಲು. ರಿಂಗಿನ ಸ್ಕ್ರೂ ಒಂದನ್ನೇ ಪೂರಾ ಬಿಗಿಯಲಿಲ್ಲ. ಇದಕ್ಕೊಂದು ಸುತ್ತು, ಎದುರಿನದಕ್ಕೊಂದು ಸುತ್ತು, ಹಿಂಗ ಎದುರು-ಬದುರು ಬಿಗಿದ. ನಾವು ಡೊಳ್ಳಿನ ಹಗ್ಗ ಎಳೆಯುವ ರೀತಿಯೇ ಅದು. ಒಂದೇ ಮಗ್ಗಲು ಬಿಗಿದರೆ ತೊಗಲು ಸೊಟ್ಟಾಗತದ. ಇನ್ನೊಂದು ಮಾತು ಅವನಿಂದ ಕಲಿತೆ. ಬೂಟು ಚೆಂದ ಕಾಣಲಿ ಅಂತ ಬಿಗಿದು ಕೂಡಿಸಬಾರದು. ನಾಲ್ಕೂ ಕಡೆ ಲಿವರ್ ಹೋದಲ್ಲಿ ತೊಗಲೂ ಹೋಗುವಷ್ಟು ಸಡಿಲ ಇಡಬೇಕು. ಬಿಗಿಯಾದರೆ ತೊಗಲೇ ಲಿವರನ್ನ ಹಿಂದಕ್ಕೆ ಎಳೆದು ಗೇರ್ ತಪ್ಪಿಸತದ. ಮುಚ್ಚಳ ಅನ್ನೋದು ಕೆಲಸಕ್ಕೆ ಅಡ್ಡ ಬರಬಾರದು.

ಕೊನೆಗೆ ಗುಂಡು. ಹೊಸದು ಡಬ್ಬಿಯಲ್ಲಿತ್ತು, ಥಳಥಳ ಹೊಳೆಯುತ್ತಿತ್ತು. ಹುಡುಗ ಅದನ್ನ ಹಾಕದೆ ಸಾಹೇಬರಿಗೆ ಫೋನ್ ಹಚ್ಚಿ ಕೇಳಿದ: "ಹಳೆ ಗುಂಡಿನ ಅಂಕಿ ಅಳಿಸ್ಯಾವ, ಆದರೆ ಗುಂಡು ಗಟ್ಟಿ ಅದ. ನಿಮ್ಮ ತಂದೆಯವರ ಅಂಗೈ ಸವೆಸಿದ್ದು. ತೆಗೀಲೋ ಇಡಲೋ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಅದನ್ನೇ ಇಡು" ಅಂದರು. ಬುಷ್ ಬದಲಿಸಿದ ಸುದ್ದಿಯನ್ನೂ ಹುಡುಗ ಹೇಳಿದ, ಸವೆದ ತುಂಡನ್ನ ಒಂದು ಕಾಗದದಾಗ ಕಟ್ಟಿ ಅವರಿಗೆ ಕೊಡಲಿಕ್ಕೆ ಇಟ್ಟ.

ಇದರಾಗ ಒಂದು ನೀತಿ ಅದ. ಭಾರ ಹೊರುವುದು ಸವೆದರೆ ಹೊಸದು ಹಾಕಬೇಕು. ನೆನಪು ಹೊರುವುದು ಸವೆದರೂ ಇಡಬೇಕು. ನಾವು ಬಹಳ ಮಂದಿ ಇದನ್ನ ತಿರುಮುರುಗ ಮಾಡತೀವಿ. ಕಾಣೋ ಗುಂಡು ಬದಲಿಸತೀವಿ, ಕಾಣದ ಬುಷ್ ಹಂಗೇ ಬಿಡತೀವಿ. ಮೇಲೆ ಥಳಕು, ಒಳಗೆ ಹುಳುಕು ಅಂತ ಹಿರಿಯರು ಅಂದದ್ದು ಇದಕ್ಕೇ.

ಈಗ ನನ್ನ ಸುದ್ದಿ.

2009ರಲ್ಲಿ ನನ್ನ ಕಡೆ ಒಂದು ಹಳೆ ಟ್ರ್ಯಾಕ್ಟರ್ ಇತ್ತು. ನಾಲ್ಕು ಕೈ ದಾಟಿ ನನ್ನ ಕೈಗೆ ಬಂದದ್ದು. ಸಪಾಟ ನೆಲದಾಗ ಚಲೋ ನಡೆಯುತ್ತಿತ್ತು. ಆದರೆ ಕಬ್ಬು ಹೇರಿಕೊಂಡು ಹಳ್ಳದ ಇಳಿಜಾರಿಗೆ ಇಳಿದಾಗ ಗೇರ್ ತಾನೇ ಬಿದ್ದುಹೋಗುತ್ತಿತ್ತು. ಬಿದ್ದ ಕೂಡಲೇ ಇಂಜಿನ್ನಿನ ತಡೆ ಹೋಗತದ, ಹಿಂದಿನ ಟ್ರಾಲಿಯ ಭಾರ ಎಲ್ಲಾ ಮುಂದಕ್ಕೆ ನೂಕತದ. ಹೊಡೆದವರಿಗೆ ಗೊತ್ತು, ಆ ಕ್ಷಣದಾಗ ಹೊಟ್ಟಿಯೊಳಗೆ ಏನಾಗತದ ಅಂತ. ನಾನು ಒಂದು ಉಪಾಯ ಕಲಿತಿದ್ದೆ. ಇಳಿಜಾರು ಬಂತಂದ್ರ ಮೊಣಕಾಲಿಲೆ ಲಿವರನ್ನ ಒತ್ತಿ ಹಿಡಿಯುತ್ತಿದ್ದೆ.

ಪೆಟ್ಟಿಗೆ ಬಿಚ್ಚಿ ಸರಿ ಮಾಡಲಿಕ್ಕೆ ಮಿಸ್ತ್ರಿ ಹನ್ನೆರಡು ಸಾವಿರ ಹೇಳಿದ. ಮನೆಯಲ್ಲಿ ಮಗಳ ಮದುವೆ ಇತ್ತು. ನಾನು ಏನು ಮಾಡಿದೆ ಅಂದ್ರ, ನೂರೈವತ್ತು ರೂಪಾಯಿ ಕೊಟ್ಟು ಹೊಸ ರಬ್ಬರ್ ಬೂಟು, ಹೊಸ ಗುಂಡು ತಂದು ಹಾಕಿದೆ. ತೊಳೆದು ಎಣ್ಣೆ ಒರೆಸಿದೆ. ಕೊಳ್ಳುವವನು ಬಂದಾಗ ಸಪಾಟ ಹೊಲದಾಗ, ಖಾಲಿ ಟ್ರಾಲಿ ಕಟ್ಟಿ ಹೊಡೆದು ತೋರಿಸಿದೆ. ಆತ ನಮ್ಮ ಪಕ್ಕದೂರಿನವನು, ನನ್ನ ಹಾಡು ಕೇಳಲಿಕ್ಕೆ ಬರುವವನು. ಲಿವರ್ ಮುಟ್ಟಿ ನೋಡಿ "ಹೊಸದು ಹಾಕಿಸೀರಿ ಕಾಕಾ, ಚಲೋ ಇಟ್ಟೀರಿ" ಅಂದ. ನಾನು ಹೂಂ ಅಂದೆ. ಆ ಹೂಂ ನನ್ನ ಕಿವಿಯಾಗ ಇನ್ನೂ ಅದ.

ನಾನು ಸುಳ್ಳು ಹೇಳಿದೆನೇ? ಬಾಯಿಲೆ ಹೇಳಲಿಲ್ಲ. ಆ ನೂರೈವತ್ತು ರೂಪಾಯಿಯ ರಬ್ಬರು ನನ್ನ ಪರವಾಗಿ ಹೇಳಿತು.

ಇಷ್ಟು ವರ್ಷ ನಾನು ನನಗೇ ಮೂರು ಸಮಾಧಾನ ಹೇಳಿಕೋತ ಬಂದಿದ್ದೆ. ಅವನ್ನ ಇಲ್ಲಿ ಇಡತೇನಿ, ನೀವೂ ತೂಗಿ ನೋಡ್ರಿ.

ಒಂದನೆಯದು: ಕೊಳ್ಳುವವನಿಗೆ ಕಣ್ಣಿರಬೇಕು. ನಾನೂ ಅದನ್ನ ಹಂಗೇ ಕೊಂಡಿದ್ದೆ, ನನಗ ಯಾರು ಹೇಳಿದ್ದರು? ಸಂತೆಯಲ್ಲಿ ಎತ್ತಿನ ಹಲ್ಲು ನೋಡುವುದು ಕೊಳ್ಳುವವನ ಕೆಲಸ. ಈ ಮಾತಿನಾಗ ಅರ್ಧ ಖರೆ ಅದ. ಹಲ್ಲು ಬಾಯಿ ತೆರೆದರೆ ಕಾಣತದ, ಸವೆದ ಟೈರು ಕಾಣತದ. ಕಾಣುವುದನ್ನ ನೋಡುವ ಜವಾಬ್ದಾರಿ ಕೊಳ್ಳುವವನದು. ಆದರೆ ಮುಚ್ಚಿದ್ದರ ಒಳಗೆ ಅವನ ಕಣ್ಣು ಹೋಗುವುದಿಲ್ಲ. ಅಲ್ಲಿ ನೋಡಿ ಬಂದವನು ನಾನೊಬ್ಬನೇ. ಮತ್ತೆ ಅವನ ಕಣ್ಣಿಗೆ ಅಡ್ಡ ಪರದೆ ಹಾಕಿದವನೂ ನಾನೇ. ಪರದೆ ಹಾಕಿ, ನಿನಗ ಕಣ್ಣಿಲ್ಲೇನು ಅಂತ ಕೇಳುವುದು ನ್ಯಾಯ ಅಲ್ಲ.

ಎರಡನೆಯದು: ಬಡತನ. ಹನ್ನೆರಡು ಸಾವಿರ ನನ್ನ ಕಡೆ ಇರಲಿಲ್ಲ. ಇದು ಪೂರಾ ಖರೆ. ಆದರೆ ಹೇಳಲಿಕ್ಕೆ ರೊಕ್ಕ ಬೇಕಾಗಿರಲಿಲ್ಲ. "ಇಳಿಜಾರಿನಾಗ ಗೇರ್ ಬೀಳತದಪ್ಪಾ, ಮಾಡಿಸಿಕೋ, ಅಷ್ಟು ಕಡಿಮೆ ಕೊಡು" ಅಂದಿದ್ದರೆ ಹನ್ನೆರಡು ಸಾವಿರ ಕಡಿಮೆ ಬರುತ್ತಿತ್ತು. ಅಂದ್ರ ನನ್ನ ಬಡತನದ ಭಾರವನ್ನ ನಾನು ಅವನಿಗೆ ತಿಳಿಸದೆ ಅವನ ತಲೆಗೆ ಹೊರಿಸಿದೆ. ಅವನು ನನಗಿಂತ ಸಾವಕಾರ ಏನೂ ಆಗಿರಲಿಲ್ಲ.

ಮೂರನೆಯದು: ಎಲ್ಲರೂ ಏನಾದರೂ ಮುಚ್ಚತಾರ. ಇದು ಗಟ್ಟಿ ಸಮಾಧಾನ. ಹಾಡುವಾಗ ನನಗೆ ಸಾಲು ಮರೆತರೆ ಡೊಳ್ಳಿನವನಿಗೆ ಕಣ್ಸನ್ನೆ ಮಾಡತೇನಿ. ಅವನು ಜೋರಾಗಿ ಬಾರಿಸತಾನ, ಅಷ್ಟರೊಳಗೆ ನನಗ ಸಾಲು ನೆನಪಾಗತದ. ಅದೂ ಮುಚ್ಚಿದ್ದೇ ಅಲ್ಲೇನು? ಬೀಜವನ್ನ ಮಣ್ಣಿಲೆ ಮುಚ್ಚತೀವಿ. ಗಾಯಕ್ಕೆ ಪಟ್ಟಿ ಕಟ್ಟತೀವಿ. ಆ ಕೆಂಪು ಗಾಡಿಯ ತೊಗಲೂ ಮುಚ್ಚುವ ಸಲುವಾಗಿಯೇ ಅದ. ಕೆಳಗಿನ ಕಾವು, ಎಣ್ಣೆಯ ವಾಸನೆ, ಸಪ್ಪಳ ಮ್ಯಾಲೆ ಬರದಂಗ, ಮ್ಯಾಲಿನ ಧೂಳು ಕೆಳಗೆ ಇಳಿಯದಂಗ ಕಾಯತದ. ಮುಚ್ಚುವುದೇ ತಪ್ಪು ಅಂದ್ರ ಜಗತ್ತು ನಡೆಯೂದಿಲ್ಲ.

ಹಂಗಾದರೆ ಹುಡುಗನ ತೊಗಲಿಗೂ ನನ್ನ ರಬ್ಬರಿಗೂ ಫರಕು ಏನು? ಬಹಳ ದಿನ ವಿಚಾರ ಮಾಡಿದ ಮ್ಯಾಲೆ ನನಗ ಹೊಳೆದದ್ದು ಇಷ್ಟು. ಒಳಗಿನದನ್ನ ಕಾಯಲಿಕ್ಕೆ ಮುಚ್ಚುವುದು ಒಂದು. ಒಳಗಿನದರಿಂದ ತಪ್ಪಿಸಿಕೊಳ್ಳಲಿಕ್ಕೆ ಮುಚ್ಚುವುದು ಇನ್ನೊಂದು. ಡೊಳ್ಳಿನ ಸಪ್ಪಳದ ಮರೆಯಲ್ಲಿ ನಾನು ಮರೆತ ಸಾಲು ಹುಡುಕಿ ಹಾಡಿ ಮುಗಿಸತೇನಿ, ವೇದಿಕೆ ಬಿಟ್ಟು ಓಡೂದಿಲ್ಲ. ಗಾಯ ತೊಳೆದು ಪಟ್ಟಿ ಕಟ್ಟಿದರೆ ಔಷಧ, ಕೀವು ಒಳಗಿಟ್ಟು ಕಟ್ಟಿದರೆ ಕಾಲೇ ಹೋಗತದ. ಪರೀಕ್ಷೆ ಸಣ್ಣದು. ಯಾರಾದರೂ ಬಂದು "ಮುಚ್ಚಳ ತೆಗಿ, ನೋಡೂಣು" ಅಂದ್ರ ನಮ್ಮ ಕೈ ನಡುಗತದೋ ಇಲ್ಲೋ? ಹುಡುಗನ ಕೈ ನಡುಗೂದಿಲ್ಲ. ಅವನು ಸವೆದ ಬುಷ್ಷನ್ನೇ ಕಾಗದದಾಗ ಕಟ್ಟಿ ಕೊಟ್ಟ. ನನ್ನ ಕೈ ಅಂದು ನಡುಗುತ್ತಿತ್ತು.

ಇದನ್ನ ಓದಿ ಗುರುಗಳು ಕೇಳಬಹುದು: ಹಂಗಾದರೆ ಮಾರುವವನು ಎಲ್ಲಾ ದೋಷ ಹೇಳಬೇಕೇನು? ಸೀಟಿನ ಹರಕು, ಬಣ್ಣದ ಕಲೆ, ಎಲ್ಲಾನೂ? ನನಗ ಹಂಗ ಅನಿಸೂದಿಲ್ಲ. ಆದರೆ ಎರಡು ಮಾತು ಒಂದೇ ಕಡೆ ಕೂಡಿದರೆ ಹೇಳಲೇಬೇಕು. ಅದು ಅವನ ಕಣ್ಣಿಗೆ ಕಾಣದ್ದಾಗಿರಬೇಕು, ಮತ್ತೆ ಅದರ ಮ್ಯಾಲೆ ಒಬ್ಬರ ಜೀವ ತೂಗುತ್ತಿರಬೇಕು. ಇನ್ನೂ ಸಂಶಯ ಬಂದರೆ, ಆ ಗಾಡಿಯ ಮ್ಯಾಲೆ ನಮ್ಮ ಮಗನನ್ನ ಕೂಡಿಸಿ ಇಳಿಜಾರಿಗೆ ಕಳಿಸತೀವೇನು ಅಂತ ಕೇಳಿಕೊಂಡರೆ ಸಾಕು.

ಪುಣೆಯಿಂದ ಬಂದ ಮ್ಯಾಲೆ ನನಗ ನಿದ್ದಿ ಹತ್ತಲಿಲ್ಲ. ನಮ್ಮ ಮನೆಯವಳು "ಹೊಸ ಕಣ್ಣು ಬಂದಾವ, ಹೊಸ ಚಿಂತಿನೂ ಬಂತೇನು?" ಅಂದಳು. ಹೇಳಿದೆ. "ಹೋಗಿ ಹೇಳಿ ಬರ್ರಿ" ಅಂದಳು. ಪಕ್ಕದೂರಿಗೆ ಹೋದೆ. ಆತನಿಗೂ ಈಗ ತಲೆ ಬೆಳ್ಳಗಾಗ್ಯಾವ. ಕಟ್ಟಿಯ ಮ್ಯಾಲೆ ಕುಂತು ಎಲ್ಲಾ ಹೇಳಿದೆ. ಬೈತಾನ, ಮಾತು ಬಿಡತಾನ, ಏನಾದರೂ ಆಗಲಿ ಅಂತ ಗಟ್ಟಿ ಮಾಡಿಕೊಂಡು ಹೋಗಿದ್ದೆ.

ಆತ ಬೈಯಲಿಲ್ಲ. ನೆಲ ನೋಡಿಕೋತ ಕುಂತ. ಆಮೇಲೆ ಅಂದ: "ಕಾಕಾ, ಮೊದಲನೆಯ ಹಂಗಾಮಿನಾಗೇ ನನಗ ತಿಳೀತು. ನಿಮ್ಮ ಮ್ಯಾಲೆ ಸಿಟ್ಟೂ ಬಂತು. ಆದರೆ ಮೂರು ವರ್ಷಕ್ಕೆ ನೀವು ಹಾಕಿದ ಬೂಟು ಹರಿದಿತ್ತು. ನಾನೂ ಹೊಸದು ಹಾಕಿ ಮಾರಿದೆ."

ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಇಬ್ಬರೂ ಕೂಡಿ ಎಸ್.ಟಿ. ಹತ್ತಿ ಮೂರನೆಯವನ ಊರಿಗೆ ಹೋದೆವು. ಅವನು ಸಕ್ಕರಿ ಕಾಯಿಲೆಯಿಂದ ತೀರಿಕೊಂಡು ನಾಲ್ಕು ವರ್ಷ ಆಗಿತ್ತು. ಅವನ ಮಗ ಚಹಾ ಕೊಟ್ಟ. ಟ್ರ್ಯಾಕ್ಟರ್ ಸುದ್ದಿ ಕೇಳಿದರೆ, "ಅದನ್ನ ದಲಾಲಿಗೆ ಕೊಟ್ಟೆವು, ಮುಂದೆ ಎಲ್ಲಿ ಹೋತೋ ಗೊತ್ತಿಲ್ಲ" ಅಂದ. ಆಮೇಲೆ ತಾನಾಗೇ ಅಂದ: "ಇಳಿಜಾರಿನಾಗ ಅದರ ಗೇರ್ ಬೀಳತಿತ್ತು. ಅಪ್ಪ ಮೊಣಕಾಲಿಲೆ ಒತ್ತಿ ಹಿಡೀತಿದ್ದ."

ನಾನು ಯಾರಿಗೂ ಹೇಳದ ಉಪಾಯ ಅದು. ನಾನು ಮುಚ್ಚಿದ್ದು ಮುಚ್ಚಿದಂಗೇ ಕೈಯಿಂದ ಕೈಗೆ ಹೋಗಿತ್ತು. ನಾನು ಪಟ್ಟ ಅಂಜಿಕೆಯೂ ಅದರ ಹಿಂದೇ ಹೋಗಿತ್ತು. ಹುಡುಗನ ಸವಾಲಿಗೆ ಅಲ್ಲಿ, ಆ ಪರಮನೆಯ ಪಡಸಾಲೆಯಲ್ಲಿ, ನನಗ ಉತ್ತರ ಸಿಕ್ಕಿತು. ಮುಚ್ಚಿದ ಮ್ಯಾಲ ಯಾರು ನೋಡತಾರ? ಮುಂದೆ ಅದರ ಮ್ಯಾಲೆ ಕೂಡುವವನು ನೋಡತಾನ. ಹಿಂದೆ ಭಾರ ಇದ್ದಾಗ, ಇಳಿಜಾರಿನಾಗ, ಒಬ್ಬನೇ ಇದ್ದಾಗ ನೋಡತಾನ.

ದೇವರು ನೋಡತಾನ ಅಂತ ಹೇಳಿ ಮುಗಿಸಬಹುದಿತ್ತು, ಹಾಡಿನಾಗ ಹಂಗೇ ಮುಗಿಸತೀವಿ. ಅದು ಖರೆ ಇರಬಹುದು. ಆದರೆ ದೇವರಿಗೆ ಗೇರ್ ಬಿದ್ದರೆ ಏನೂ ಆಗೂದಿಲ್ಲ. ಆಗುವುದು ಯಾವನೋ ರೈತನ ಮಗನಿಗೆ.

ಕೊನೆಗೆ ಒಂದು ವಿನಂತಿ. ಆ ಟ್ರ್ಯಾಕ್ಟರಿನ ಬಲಗಡೆ ಮಡ್‌ಗಾರ್ಡಿನ ಮ್ಯಾಲೆ ನಾನು ಒಂದು ಸಣ್ಣ ಡೊಳ್ಳಿನ ಚಿತ್ರ ಬರೆಸಿದ್ದೆ. ಹಳದಿ ಬಣ್ಣದ್ದು. ಮ್ಯಾಲೆ ಬೇರೆ ಬಣ್ಣ ಹಚ್ಚಿದ್ದರೂ ಕೆರೆದರೆ ಕಾಣಬಹುದು. ಈ ಪುಸ್ತಕ ಓದುವ ಯಾರ ಮನೆಯಲ್ಲಾದರೂ, ಯಾರ ಬೀಗರ ಮನೆಯಲ್ಲಾದರೂ ಅಂಥ ಗಾಡಿ ಇದ್ದರೆ, ಇಳಿಜಾರಿಗೆ ಒಯ್ಯಬ್ಯಾಡ್ರಿ. ಬೂಟು ಎತ್ತಿ, ಪೆಟ್ಟಿಗೆ ಬಿಚ್ಚಿಸಿ, ಮಿಸ್ತ್ರಿಗೆ ತೋರಿಸ್ರಿ. ವಾಚನಾಲಯದ ಹಿರಿಯರ ಕಡೆ ಸುದ್ದಿ ಮುಟ್ಟಿಸ್ರಿ. ಖರ್ಚು ಎಷ್ಟೇ ಬರಲಿ, ನಾವಿಬ್ಬರೂ ಅರ್ಧ-ಅರ್ಧ ಕೊಡತೀವಿ ಅಂತ ಮಾತಾಡಿಕೊಂಡೀವಿ.

ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದ್ರಿ.